ಹೊರಗೆ ಹಾಕಿಸಿಕೊಂಡವರು ಕಟ್ಟಿದ ಊರು

ಧರ್ಮವನ್ನೂ ಸರ್ಕಾರವನ್ನೂ ಬೇರೆ ಬೇರೆ ಇಡಬೇಕು ಅಂತ ಯಾರಾದ್ರೂ ಹೇಳಿದ ಕೂಡಲೇ, ಓಹೋ ಇವರಿಗೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ನಾವು ತೀರ್ಮಾನ ಮಾಡಿಬಿಡ್ತೀವಿ. ರೋಜರ್ ವಿಲಿಯಮ್ಸ್ ಬಗ್ಗೆ ಓದೋವರೆಗೆ ನಮ್ಮ ಲೆಕ್ಕಾಚಾರವೂ ಹೀಗೇ ಇತ್ತು. ಅಮೆರಿಕದಲ್ಲಿ ಈ ಮಾತಿಗಾಗಿ ಮನೆ-ಮಠ ಕಳೆದುಕೊಂಡ ಮೊದಲಿಗರಲ್ಲಿ ಒಬ್ಬರಾದ ಇವರು ನಾಸ್ತಿಕರಲ್ಲ, ಪಾದ್ರಿ. ಅದೂ ಎಂಥಾ ಪಾದ್ರಿ ಅಂದ್ರೆ, ಸುತ್ತಲಿನವರ ಭಕ್ತಿ ಸಾಲದು ಅಂತ ಜಗಳ ಆಡುತ್ತಿದ್ದವರು!

ವಿಲಿಯಮ್ಸ್ ಹುಟ್ಟಿದ್ದು ಸುಮಾರು 1603ರಲ್ಲಿ, ಲಂಡನ್ನಿನಲ್ಲಿ. ತಂದೆ ಬಟ್ಟೆ ವ್ಯಾಪಾರಿ. ಮನೆ ಇದ್ದದ್ದು ಸ್ಮಿತ್‌ಫೀಲ್ಡ್ ಹತ್ತಿರ. ಅದೇ ಸ್ಮಿತ್‌ಫೀಲ್ಡ್‌ನಲ್ಲಿ 1612ರಲ್ಲಿ ಬಾರ್ಥಲೋಮ್ಯೂ ಲೆಗೇಟ್ ಎಂಬಾತನನ್ನು ಜೀವಂತ ಸುಟ್ಟರು. ಅವನ ತಪ್ಪು ಇಷ್ಟೇ: ಯೇಸುವಿನ ಬಗ್ಗೆ ಅವನ ಅಭಿಪ್ರಾಯ ಸರ್ಕಾರಿ ಚರ್ಚಿನ ಅಭಿಪ್ರಾಯಕ್ಕಿಂತ ಬೇರೆ ಇತ್ತು. ಆಗಿನ ಇಂಗ್ಲೆಂಡಿನಲ್ಲಿ ರಾಜನೇ ಚರ್ಚಿನ ಮುಖ್ಯಸ್ಥ. ಹಾಗಾಗಿ ಚರ್ಚಿನ ಮಾತು ಮೀರಿದರೆ ರಾಜದ್ರೋಹ ಮಾಡಿದ ಹಾಗೆ.

ಹುಡುಗ ಚುರುಕು. ಶೀಘ್ರಲಿಪಿ ಕಲಿತಿದ್ದ. ಪ್ರಸಿದ್ಧ ನ್ಯಾಯವಾದಿ ಎಡ್ವರ್ಡ್ ಕೋಕ್ ಕಣ್ಣಿಗೆ ಬಿದ್ದು, ಅವರ ಸಹಾಯದಿಂದ ಓದಿ, 1627ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪದವಿ ಪಡೆದ. ಆಮೇಲೆ ಮೇರಿ ಬರ್ನಾರ್ಡ್ ಜೊತೆ ಮದುವೆ. 1630ರ ಡಿಸೆಂಬರ್‌ನಲ್ಲಿ ಗಂಡ-ಹೆಂಡತಿ ಹಡಗು ಹತ್ತಿದರು, 1631ರ ಫೆಬ್ರವರಿಯಲ್ಲಿ ಬಾಸ್ಟನ್ ತಲುಪಿದರು.

ಬಾಸ್ಟನ್ ಇದ್ದ ಮ್ಯಾಸಚೂಸೆಟ್ಸ್ ವಸಾಹತನ್ನು ಕಟ್ಟಿದವರು ಪ್ಯೂರಿಟನ್ನರು. ಇಂಗ್ಲೆಂಡಿನ ಚರ್ಚು ಕೆಟ್ಟಿದೆ, ನಾವು ಶುದ್ಧವಾದದ್ದನ್ನು ಕಟ್ಟೋಣ ಅಂತ ಸಮುದ್ರ ದಾಟಿ ಬಂದವರು. ಕಿರುಕುಳ ತಿಂದು ಬಂದವರು ಬೇರೆಯವರಿಗೆ ಕಿರುಕುಳ ಕೊಡಲ್ಲ ಅಂತ ನಾವು ಅಂದುಕೊಳ್ತೀವಿ ಅಲ್ವಾ? ಇಲ್ಲಿ ಹಾಗಾಗಲಿಲ್ಲ. ಚರ್ಚಿನ ಸದಸ್ಯರಾದ ಗಂಡಸರಿಗೆ ಮಾತ್ರ ಮತ. ಭಾನುವಾರದ ಪ್ರಾರ್ಥನೆಗೆ ಎಲ್ಲರೂ ಹೋಗಲೇಬೇಕು ಅಂತ ಕಾನೂನು.

ಬಾಸ್ಟನ್ ಚರ್ಚು ವಿಲಿಯಮ್ಸ್ ಅವರಿಗೆ ಒಳ್ಳೆಯ ಹುದ್ದೆ ಕೊಡಲು ಮುಂದೆ ಬಂತು. ಅವರು ಬೇಡ ಅಂದರು. ಇಂಗ್ಲೆಂಡಿನ ಚರ್ಚಿನಿಂದ ನೀವು ಪೂರ್ತಿ ಬಿಡಿಸಿಕೊಂಡಿಲ್ಲ ಅನ್ನೋದು ಅವರ ತಕರಾರು. ಇನ್ನೊಂದು ತಕರಾರು ದೊಡ್ಡದು. ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ಮೊದಲ ನಾಲ್ಕು ದೇವರು ಮತ್ತು ಮನುಷ್ಯರ ನಡುವಿನವು. ಉಳಿದವು ಕೊಲೆ, ಕಳ್ಳತನದಂಥ ಮನುಷ್ಯ-ಮನುಷ್ಯರ ನಡುವಿನವು. ನ್ಯಾಯಾಧೀಶರ ಅಧಿಕಾರ ಈ ಎರಡನೇ ಗುಂಪಿಗೆ ಮಾತ್ರ, ಮೊದಲನೆಯದನ್ನು ಅವರು ಮುಟ್ಟಲೇಬಾರದು ಅಂತ ವಿಲಿಯಮ್ಸ್ ಪಟ್ಟು ಹಿಡಿದರು. ಇಲ್ಲಿನ ನೆಲ ಮೂಲನಿವಾಸಿಗಳದ್ದು, ಅದನ್ನು ಹಂಚಲು ಇಂಗ್ಲೆಂಡಿನ ರಾಜ ಯಾರು ಅಂತಲೂ ಕೇಳಿದರು.

1635ರ ಅಕ್ಟೋಬರ್‌ನಲ್ಲಿ ವಸಾಹತಿನ ನ್ಯಾಯಸಭೆ ಅವರನ್ನು ಗಡೀಪಾರು ಮಾಡಿತು. ಬಾಯಿ ಮುಚ್ಚಿಕೊಂಡಿದ್ದರೆ ಚಳಿಗಾಲ ಕಳೆಯುವವರೆಗೆ ಇರಬಹುದು ಅಂತ ರಿಯಾಯಿತಿ. ಅವರು ಮನೆಯಲ್ಲೇ ಜನ ಸೇರಿಸಿ ಮಾತಾಡೋದು ಬಿಡಲಿಲ್ಲ. ಹಿಡಿದು ಹಡಗಿಗೆ ಹಾಕಿ ಇಂಗ್ಲೆಂಡಿಗೆ ಕಳಿಸೋಣ ಅಂತ 1636ರ ಜನವರಿಯಲ್ಲಿ ಅಧಿಕಾರಿಗಳು ಬಂದಾಗ ಮನೆಯಲ್ಲಿ ಅವರಿಲ್ಲ. ಮೂರು ದಿನ ಮುಂಚೆಯೇ ಹಿಮದಲ್ಲಿ ನಡೆದು ಹೊರಟಿದ್ದರು. ಮನೆಯಲ್ಲಿ ಹೆಂಡತಿ, ಇಬ್ಬರು ಸಣ್ಣ ಹೆಣ್ಣುಮಕ್ಕಳು.

ಆ ಚಳಿಗಾಲದಲ್ಲಿ ಅವರಿಗೆ ಸೂರು ಕೊಟ್ಟವರು ಕ್ರೈಸ್ತರಲ್ಲ, ವಾಂಪನೋಗ್ ಮೂಲನಿವಾಸಿಗಳು. ಆಮೇಲೆ ನ್ಯಾರಗನ್ಸೆಟ್ ಜನಾಂಗದ ಮುಖಂಡರಾದ ಕೆನೋನಿಕಸ್ ಮತ್ತು ಮಿಯಾಂಟನೊಮಿ ಅವರಿಂದ ನೆಲ ಪಡೆದು ಊರು ಕಟ್ಟಿದರು. ಊರಿನ ಹೆಸರು ಪ್ರಾವಿಡೆನ್ಸ್. ಇವತ್ತಿನ ರೋಡ್ ಐಲೆಂಡ್ ರಾಜ್ಯದ ರಾಜಧಾನಿ ಅದೇ. ನ್ಯಾರಗನ್ಸೆಟ್ ಭಾಷೆ ಕಲಿತು, ಅದರ ಬಗ್ಗೆ 1643ರಲ್ಲಿ ಪುಸ್ತಕವನ್ನೂ ಪ್ರಕಟಿಸಿದರು.

ಬಹುಮತ ಹೇಳಿದಂತೆ ನಡೆಯುತ್ತೇವೆ, ಆದರೆ ಲೌಕಿಕ ವಿಷಯಗಳಲ್ಲಿ ಮಾತ್ರ ಅಂತ ಊರಿನವರು ಒಪ್ಪಂದ ಮಾಡಿಕೊಂಡರು. ಅದಕ್ಕೆ ಬೇಗನೇ ಪರೀಕ್ಷೆ ಬಂತು. ಜೋಶುವಾ ವೆರಿನ್ ಎಂಬಾತ ತನ್ನ ಹೆಂಡತಿ ಪ್ರಾರ್ಥನಾ ಸಭೆಗೆ ಹೋಗದಂತೆ ತಡೆದ. 1638ರಲ್ಲಿ ಊರು ಅವನ ಮತದ ಹಕ್ಕನ್ನೇ ಕಿತ್ತುಕೊಂಡಿತು. ಹೆಂಡತಿಯ ಆತ್ಮಸಾಕ್ಷಿಯ ಮೇಲೆ ಗಂಡನಿಗೂ ಅಧಿಕಾರ ಇಲ್ಲ ಅಂತ ಆ ಕಾಲದಲ್ಲಿ ಒಂದು ಪುಟ್ಟ ಊರು ತೀರ್ಮಾನಿಸಿದ್ದು ಓದಿ ನಮಗೆ ನಿಜಕ್ಕೂ ಆಶ್ಚರ್ಯ ಆಯ್ತು.

ಲಂಡನ್ನಿಗೆ ಹೋಗಿ 1644ರಲ್ಲಿ ವಸಾಹತಿಗೆ ಅಧಿಕೃತ ಸನ್ನದು ತಂದರು. ಧಾರ್ಮಿಕ ಹಿಂಸೆಯ ವಿರುದ್ಧ ಅವರು ಬರೆದ ಪುಸ್ತಕವನ್ನು ಅದೇ ವರ್ಷ ಇಂಗ್ಲೆಂಡಿನ ಪಾರ್ಲಿಮೆಂಟ್ ಸುಡಿಸಿತು. ಅವರ ವಾದ ಸರಳ. ಬಲವಂತದ ಪ್ರಾರ್ಥನೆಯಿಂದ ಭಕ್ತ ಹುಟ್ಟಲ್ಲ, ಕಪಟಿ ಹುಟ್ತಾನೆ. ಚರ್ಚು ಒಂದು ತೋಟ, ಹೊರಗಿನ ಪ್ರಪಂಚ ಕಾಡು. ನಡುವಿನ ಗೋಡೆ ಬಿದ್ದರೆ ಕಾಡು ತೋಟಕ್ಕೆ ನುಗ್ಗುತ್ತೆ. ಇದೇ ಗೋಡೆಯ ಹೋಲಿಕೆಯನ್ನು 1802ರಲ್ಲಿ ಥಾಮಸ್ ಜೆಫರ್ಸನ್ ಬಳಸಿದರು. ಈಗ ಆ ಗೋಡೆ ಅಂದ ಕೂಡಲೇ ಧರ್ಮದಿಂದ ಸರ್ಕಾರವನ್ನು ಕಾಪಾಡೋದು ಅಂತ ನಮಗೆ ಅನಿಸುತ್ತೆ. ವಿಲಿಯಮ್ಸ್ ಚಿಂತೆ ಮುಖ್ಯವಾಗಿ ಉಲ್ಟಾ: ಅಧಿಕಾರದ ಕೈ ತಾಗಿ ಧರ್ಮ ಕೊಳಕಾಗುತ್ತೆ ಅನ್ನೋದು.

ಹಾಗಂತ ಆತ್ಮಸಾಕ್ಷಿ ಹೆಸರಲ್ಲಿ ಯಾರು ಏನು ಬೇಕಾದರೂ ಮಾಡಬಹುದಾ? 1655ರ ಸುಮಾರಿಗೆ ಪ್ರಾವಿಡೆನ್ಸ್‌ನ ಕೆಲವರು ಊರಿನ ಕಾವಲು ಪಡೆಗೆ ಸೇರಲ್ಲ ಅಂದಾಗ ವಿಲಿಯಮ್ಸ್ ಹಡಗಿನ ಉದಾಹರಣೆ ಕೊಟ್ಟರು. ಹಡಗಿನಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್, ಯಹೂದಿ, ಮುಸ್ಲಿಂ ಎಲ್ಲರೂ ಇರಬಹುದು. ಕ್ಯಾಪ್ಟನ್ನಿನ ಪ್ರಾರ್ಥನೆಗೆ ಯಾರನ್ನೂ ಎಳೆಯಬಾರದು, ಅವರವರ ಪ್ರಾರ್ಥನೆ ತಡೆಯಲೂಬಾರದು. ಆದರೆ ಹಡಗಿನ ದಿಕ್ಕು, ಶಿಸ್ತು, ರಕ್ಷಣೆ ಕ್ಯಾಪ್ಟನ್ನಿನದೇ. ಟಿಕೆಟ್ ದುಡ್ಡು ಎಲ್ಲರೂ ಕೊಡಲೇಬೇಕು.

ಅವರ ನಿಜವಾದ ಪರೀಕ್ಷೆ ಕ್ವೇಕರ್ ಪಂಥದವರು. ಬಾಸ್ಟನ್ 1659ರಿಂದ 1661ರ ನಡುವೆ ನಾಲ್ವರು ಕ್ವೇಕರರನ್ನು ಗಲ್ಲಿಗೇರಿಸಿತು. ಅವರಲ್ಲಿ ಮೇರಿ ಡೈಯರ್ ಎಂಬ ಹೆಂಗಸೂ ಒಬ್ಬರು. ನೀವೂ ಇವರನ್ನು ಓಡಿಸಿ ಅಂತ ಅಕ್ಕಪಕ್ಕದ ವಸಾಹತುಗಳು ಒತ್ತಾಯ ಮಾಡಿದರೂ ರೋಡ್ ಐಲೆಂಡ್ ಒಪ್ಪಲಿಲ್ಲ. ವಿಲಿಯಮ್ಸ್ ಅವರಿಗೆ ಕ್ವೇಕರರ ಬೋಧನೆ ಕಂಡರೆ ಆಗ್ತಿರಲಿಲ್ಲ. 1672ರಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ತಾವೇ ದೋಣಿ ಹುಟ್ಟು ಹಾಕಿಕೊಂಡು ನ್ಯೂಪೋರ್ಟ್‌ಗೆ ಹೋಗಿ ಅವರ ಜೊತೆ ದಿನಗಟ್ಟಲೆ ವಾದ ಮಾಡಿದರು. ವಿರುದ್ಧವಾಗಿ ಪುಸ್ತಕ ಬರೆದರು. ಆದರೆ ಆ ಪಂಥವನ್ನು ನಿಷೇಧಿಸಿ ಅಂತ ಕೇಳಲಿಲ್ಲ.

ಅವರನ್ನು ದೇವರ ಪಟ್ಟಕ್ಕೆ ಏರಿಸುವ ಉದ್ದೇಶ ನಮಗಿಲ್ಲ. 1676ರಲ್ಲಿ ಮೂಲನಿವಾಸಿಗಳ ಜೊತೆಗಿನ ಯುದ್ಧದಲ್ಲಿ ಪ್ರಾವಿಡೆನ್ಸ್ ಸುಟ್ಟುಹೋಯಿತು, ಅವರ ಮನೆಯೂ ಬೂದಿಯಾಯಿತು. ಯುದ್ಧ ಮುಗಿದ ಮೇಲೆ ಸೆರೆಸಿಕ್ಕ ಮೂಲನಿವಾಸಿಗಳನ್ನು ಜೀತಕ್ಕೆ ಮಾರಿದ ಸಮಿತಿಯಲ್ಲಿ ವಿಲಿಯಮ್ಸ್ ಕೂಡ ಇದ್ದರು. ಹಿಮದಲ್ಲಿ ತಮಗೆ ಸೂರು ಕೊಟ್ಟ ನೆಲದ ಜನಕ್ಕೆ! ಇದನ್ನು ಮುಚ್ಚಿಟ್ಟು ಅವರ ಕಥೆ ಹೇಳೋದು ಸರಿಯಲ್ಲ.

1683ರಲ್ಲಿ ಅವರು ತೀರಿಕೊಂಡರು. ಮತದ ವಿಷಯದಲ್ಲಿ ಸರ್ಕಾರ ಕೈ ಹಾಕಬಾರದು ಅನ್ನೋ ತಿದ್ದುಪಡಿ ಅಮೆರಿಕದ ಸಂವಿಧಾನಕ್ಕೆ ಸೇರಿದ್ದು 1791ರಲ್ಲಿ. ಮ್ಯಾಸಚೂಸೆಟ್ಸ್ ತನ್ನ ಗಡೀಪಾರು ಆದೇಶ ವಾಪಸ್ ಪಡೆದದ್ದು 1936ರಲ್ಲಿ, ಮುನ್ನೂರು ವರ್ಷ ಆದ ಮೇಲೆ!

ಕೊನೆಯವರೆಗೂ ವಿಲಿಯಮ್ಸ್ ಯಾರ ಗುಂಪಿಗೂ ಪೂರ್ತಿ ಸೇರಲಿಲ್ಲ. ಪ್ರಾವಿಡೆನ್ಸ್‌ನಲ್ಲಿ ತಾವೇ ಮುಂದೆ ನಿಂತು ಶುರು ಮಾಡಿದ ಬ್ಯಾಪ್ಟಿಸ್ಟ್ ಚರ್ಚನ್ನೂ ಕೆಲವೇ ತಿಂಗಳಲ್ಲಿ ಬಿಟ್ಟರು. ಹೊರಗೆ ನಿಂತವರಿಗೆ ಬಾಗಿಲು ಎಲ್ಲಿ ಮುಚ್ಚಿದೆ ಅನ್ನೋದು ಒಳಗಿದ್ದವರಿಗಿಂತ ಬೇಗ ಕಾಣಿಸುತ್ತೆ. ನಮಗೆ ಇಷ್ಟವಾದವರ ಸ್ವಾತಂತ್ರ್ಯಕ್ಕೆ ನಾವೆಲ್ಲ ಕೈ ಎತ್ತುತ್ತೀವಿ. ನಮ್ಮ ಪಾಲಿನ ಕ್ವೇಕರರು ಯಾರು, ಅವರಿಗೂ ಕೈ ಎತ್ತುತ್ತೀವಾ ಅಂತ ಒಮ್ಮೆ ಕೇಳಿಕೊಳ್ಳೋಣ.