ಪ್ರತಿದಿನದ ಕೆಲಸ, ಪ್ರತಿದಿನದ ಹೆಮ್ಮೆ: ಸಾವಿತ್ರಿಬಾಯಿ ಫುಲೆ

ನಮ್ಮಲ್ಲಿ ಅನೇಕರಿಗೆ ಒಂದು ಅಭ್ಯಾಸವಿದೆ. ಏನು ಮಾಡುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ, ಏನಿಲ್ಲ, ಮನೆಯಲ್ಲೇ ಇದ್ದೇನೆ ಅನ್ನುತ್ತೇವೆ. ಕೆಲಸಕ್ಕೆ ಹೋಗುವವರಾದರೆ, ಏನೋ ಒಂದು ಸಣ್ಣ ನೌಕರಿ ಅನ್ನುತ್ತೇವೆ. ಕಾಯಕ ಎಂಬ ಮಾತನ್ನು ಬಾಲ್ಯದಿಂದಲೂ ಕೇಳುತ್ತಾ ಬೆಳೆದ ನಾವು ನಮ್ಮ ಕೆಲಸವನ್ನು ನಾವೇ ಚಿಕ್ಕದು ಮಾಡಿಕೊಳ್ಳುತ್ತೇವೆ. ದಿನನಿತ್ಯದ ಕೆಲಸಕ್ಕೆ ಘನತೆ ತಂದುಕೊಳ್ಳುವುದು ಹೇಗೆಂದು ತಿಳಿಯಲು ಪುಣೆಯ ಒಬ್ಬ ಹೆಣ್ಣುಮಗಳ ಬದುಕನ್ನು ನೋಡಬೇಕು.

ಸಾವಿತ್ರಿಬಾಯಿ ಹುಟ್ಟಿದ್ದು 1831ರ ಜನವರಿ 3ರಂದು, ಸಾತಾರಾ ಕಡೆಯ ನಾಯಗಾಂವ್ ಎಂಬ ಹಳ್ಳಿಯಲ್ಲಿ. 9ನೇ ವಯಸ್ಸಿಗೆ ಮದುವೆಯಾಯಿತು. ಗಂಡ ಜ್ಯೋತಿರಾವ್ ಫುಲೆಗೆ ಆಗ 13 ವರ್ಷ. ಗಂಡನ ಮನೆಗೆ ಬಂದಾಗ ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಜ್ಯೋತಿರಾವ್ ತಾವು ಕಲಿತದ್ದನ್ನು ಹೆಂಡತಿಗೂ ಕಲಿಸಿದರು. ಮುಂದೆ ಆಕೆ ಶಿಕ್ಷಕಿಯ ತರಬೇತಿಯನ್ನೂ ಪಡೆದರು.

1848ರಲ್ಲಿ ಪುಣೆಯ ಬುಧವಾರ ಪೇಠೆಯ ಭಿಡೆ ವಾಡೆಯಲ್ಲಿ ಫುಲೆ ದಂಪತಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ದಗಡೂಶೇಠ್ ಗಣಪತಿಯ ದರ್ಶನಕ್ಕೆ ಹೋಗುವ ಪುಣೆಯ ಗೆಳತಿಯರಿಗೆ ಆ ಜಾಗ ಗೊತ್ತು, ದೇವಸ್ಥಾನದ ಎದುರಿಗೇ ಇದೆ. ಅಲ್ಲಿ ಪಾಠ ಹೇಳಲು ನಿಂತಾಗ ಸಾವಿತ್ರಿಬಾಯಿಗೆ 17 ವರ್ಷ. ಅಕ್ಷರ ಕಲಿತ ಹೆಣ್ಣು ಬೇಗ ವಿಧವೆಯಾಗುತ್ತಾಳೆ ಎಂದು ಜನ ನಂಬಿದ್ದ ಕಾಲ ಅದು. ಅಂಥ ಊರಿನಲ್ಲಿ ಹೆಣ್ಣೊಬ್ಬಳು ದಿನವೂ ಬೀದಿಯಲ್ಲಿ ನಡೆದು ಹೋಗಿ ಪಾಠ ಮಾಡುವುದನ್ನು ಅನೇಕರು ಸಹಿಸಲಿಲ್ಲ. ದಾರಿಯಲ್ಲಿ ಬೈಗುಳ ಕೇಳಬೇಕಾಯಿತು. ಕೆಸರು, ಸಗಣಿ ಮೈಮೇಲೆ ಬೀಳುತ್ತಿದ್ದವು.

ಅವರು ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳವಾದದ್ದು. ಮನೆಯಿಂದ ಹೊರಡುವಾಗ ಇನ್ನೊಂದು ಸೀರೆಯನ್ನು ಜೊತೆಗೆ ಒಯ್ಯುತ್ತಿದ್ದರು ಎಂದು ಅವರ ಚರಿತ್ರೆ ಹೇಳುತ್ತದೆ. ಶಾಲೆ ಮುಟ್ಟಿದ ಮೇಲೆ ಕೊಳೆಯಾದ ಸೀರೆ ಬದಲಾಯಿಸಿ, ಶುಭ್ರವಾದ ಸೀರೆಯುಟ್ಟು ಮಕ್ಕಳ ಮುಂದೆ ನಿಲ್ಲುತ್ತಿದ್ದರು. ಮನೆಗೆ ಹೊರಡುವಾಗ ಮತ್ತೆ ಅದೇ ಕೊಳೆಯ ಸೀರೆ. ಬೀದಿಯ ಕೆಸರು ಬೀದಿಯ ಸೀರೆಗೇ ಉಳಿಯಿತು, ತರಗತಿಯೊಳಗೆ ಬರಲಿಲ್ಲ. ಮಕ್ಕಳು ಕಂಡದ್ದು ಅಚ್ಚುಕಟ್ಟಾದ ತಮ್ಮ ಟೀಚರನ್ನು ಮಾತ್ರ.

ಇದು ಒಂದು ದಿನದ ಸಾಹಸವಾಗಿದ್ದರೆ ಯಾರಾದರೂ ಮಾಡಬಹುದಿತ್ತೇನೋ. ಮರುದಿನವೂ ಹೋಗಬೇಕು, ಅದರ ಮರುದಿನವೂ ಹೋಗಬೇಕು. 1849ರಲ್ಲಿ ಸಮಾಜದ ಒತ್ತಡಕ್ಕೆ ಮಣಿದು ಮಾವ ಮಗ-ಸೊಸೆಯನ್ನು ಮನೆಯಿಂದ ಹೊರಹಾಕಿದರು. ಉಸ್ಮಾನ್ ಶೇಖ್ ಎಂಬ ಸ್ನೇಹಿತರು ಆಶ್ರಯ ಕೊಟ್ಟರು. ಮನೆ ಹೋದರೂ ಪಾಠ ನಿಲ್ಲಲಿಲ್ಲ. 1851ರ ಹೊತ್ತಿಗೆ ಪುಣೆಯಲ್ಲಿ ಅವರು ಹೆಣ್ಣುಮಕ್ಕಳ 3 ಶಾಲೆಗಳನ್ನು ನಡೆಸುತ್ತಿದ್ದರು. ದಲಿತ ಮಕ್ಕಳಿಗೂ ಶಾಲೆ ತೆರೆದರು. 1854ರಲ್ಲಿ ಸಾವಿತ್ರಿಬಾಯಿಯವರ ಕವನ ಸಂಕಲನ ‘ಕಾವ್ಯಫುಲೆ’ ಅಚ್ಚಾಯಿತು. ಅಕ್ಷರವೇ ಬಾರದ ಸೊಸೆಯಾಗಿ ಬಂದ ಹುಡುಗಿ 23ರ ವಯಸ್ಸಿಗೆ ಕವಯಿತ್ರಿಯಾಗಿದ್ದರು.

ಪಾಠ ಹೇಳುವುದಷ್ಟೇ ತಮ್ಮ ಕೆಲಸ ಎಂದು ಅವರು ಗೆರೆ ಎಳೆದುಕೊಳ್ಳಲಿಲ್ಲ. ದಿಕ್ಕಿಲ್ಲದ ವಿಧವೆಯರು ಹುಟ್ಟಿದ ಮಗುವನ್ನು ಕೊಂದು ತಾವೂ ಸಾಯುವ ಸ್ಥಿತಿ ಬರಬಾರದೆಂದು 1863ರಲ್ಲಿ ಫುಲೆ ದಂಪತಿ ಹೆರಿಗೆಯ ಆಶ್ರಯಧಾಮ ಆರಂಭಿಸಿದರು. ಅಲ್ಲಿ ಬಾಣಂತನ ಮಾಡುವುದು, ಕೂಸುಗಳನ್ನು ನೋಡಿಕೊಳ್ಳುವುದು ನಮ್ಮ ಅಜ್ಜಿ-ಅಮ್ಮಂದಿರು ದಿನವೂ ಮಾಡಿದ ಕೆಲಸವೇ. ಸ್ವಂತ ಮಕ್ಕಳಿಲ್ಲದ ದಂಪತಿ ಒಬ್ಬ ವಿಧವೆಯ ಮಗನನ್ನೇ ದತ್ತು ತೆಗೆದುಕೊಂಡು, ಯಶವಂತ ಎಂದು ಕರೆದು, ಡಾಕ್ಟರನ್ನಾಗಿ ಮಾಡಿದರು.

1890ರಲ್ಲಿ ಜ್ಯೋತಿರಾವ್ ತೀರಿಕೊಂಡರು. ಹೆಂಗಸರು ಸ್ಮಶಾನಕ್ಕೂ ಹೋಗದ ಆ ಕಾಲದಲ್ಲಿ ಗಂಡನ ಅಂತಿಮಯಾತ್ರೆಯ ಮುಂದೆ ಮಡಕೆ ಹಿಡಿದು ನಡೆದವರು ಸಾವಿತ್ರಿಬಾಯಿ. ಆಮೇಲೆ ಸತ್ಯಶೋಧಕ ಸಮಾಜದ ಹೊಣೆಯನ್ನೂ ಹೊತ್ತರು.

1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿತು. ಜನ ಊರು ಬಿಟ್ಟು ಓಡುತ್ತಿದ್ದಾಗ ಮಗ ಯಶವಂತರ ಜೊತೆ ಸೇರಿ ಊರ ಹೊರಗೆ ರೋಗಿಗಳ ಶುಶ್ರೂಷೆಗೆ ನಿಂತರು. ಮುಂಢವಾ ಎಂಬಲ್ಲಿ ಒಬ್ಬ ದಲಿತ ಬಾಲಕನಿಗೆ ಪ್ಲೇಗ್ ತಗಲಿದೆ ಎಂದು ತಿಳಿದಾಗ 66ರ ವಯಸ್ಸಿನಲ್ಲೂ ಅವನನ್ನು ತಾವೇ ಬೆನ್ನಮೇಲೆ ಹೊತ್ತು ಚಿಕಿತ್ಸೆಗೆ ತಂದರು. ಹುಡುಗ ಉಳಿದುಕೊಂಡ. ಸೋಂಕು ತಗಲಿದ ಸಾವಿತ್ರಿಬಾಯಿ ಮಾರ್ಚ್ 10ರಂದು ಕೊನೆಯುಸಿರೆಳೆದರು. ಇಂದು ಪುಣೆಯ ವಿಶ್ವವಿದ್ಯಾಲಯಕ್ಕೇ ಅವರ ಹೆಸರಿದೆ.

ಸಕಾರಾತ್ಮಕ ಮನೋಭಾವ ಎಂದರೆ ಬಂದದ್ದನ್ನೆಲ್ಲ ನಗುನಗುತ್ತಾ ಸಹಿಸುವುದು ಎಂದು ನಮಗೆ ಹೇಳಿಕೊಡುವವರು ಬಹಳ. ಸಾವಿತ್ರಿಬಾಯಿ ಸಹಿಸಿ ಸುಮ್ಮನಿರಲಿಲ್ಲ, ಕೆಲಸ ಬಿಟ್ಟು ಮನೆಯಲ್ಲೂ ಕೂರಲಿಲ್ಲ. ತಮ್ಮ ಕೆಲಸದ ಬೆಲೆಯನ್ನು ಬೀದಿಯ ಜನ ನಿರ್ಧರಿಸಲು ಬಿಡಲಿಲ್ಲ, ಅಷ್ಟೇ. ಅಡುಗೆ ಮನೆಯಿರಲಿ, ಆಫೀಸಿರಲಿ, ಸಂಘದಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವ ತರಗತಿಯಿರಲಿ, ನಮ್ಮ ಕೆಲಸದ ಬೆಲೆಯನ್ನು ಮೊದಲು ಒಪ್ಪಬೇಕಾದವರು ನಾವೇ. ಇನ್ನು ಮುಂದೆ ಯಾರಾದರೂ ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ, ಮಾಡುವ ಕೆಲಸದ ಹೆಸರನ್ನು ಪೂರ್ತಿಯಾಗಿ ಹೇಳೋಣ.