ಜೈಲಿನ ನೀರನ್ನೂ ಲೆಕ್ಕ ಹಾಕಿದ ಡಾಕ್ಟರ್: ಜಾನ್ ಸ್ನೋ

ಜೈಲಲ್ಲಿ ಇರೋರಿಗೆ ನೀರು ಆರಿಸಿಕೊಳ್ಳೋ ಹಕ್ಕಿಲ್ಲ. ಕೊಟ್ಟಿದ್ದನ್ನ ಕುಡಿಯಬೇಕು. ಹಾಗಾಗಿ ಆ ನೀರು ಕೆಟ್ಟಿದ್ರೆ ರೋಗ ಒಬ್ಬಿಬ್ಬರಿಗೆ ನಿಲ್ಲಲ್ಲ. ಆದ್ರೆ ರೋಗದ ಮೂಲ ಹುಡುಕೋರಿಗೆ ಜೈಲಿನಷ್ಟು ಸ್ಪಷ್ಟವಾದ ಜಾಗ ಸಿಗೋದೂ ಕಷ್ಟ. ಸುತ್ತ ಗೋಡೆ, ಒಳಗೆ ಎಣಿಸಿದ ಜನ, ಎಲ್ಲರಿಗೂ ಒಂದೇ ನೀರು. ಇದನ್ನ ಸುಮಾರು 170 ವರ್ಷದ ಹಿಂದೆಯೇ ಅರ್ಥ ಮಾಡಿಕೊಂಡವರು ಲಂಡನ್ನಿನ ಡಾಕ್ಟರ್ ಜಾನ್ ಸ್ನೋ. ಬ್ರಾಡ್ ಸ್ಟ್ರೀಟ್ ಪಂಪಿನ ಕಥೆ ನಿಮ್ಮಲ್ಲಿ ಹಲವರು ಕೇಳಿರ್ತೀರಿ. ಜೈಲುಗಳ ಲೆಕ್ಕ ಅಷ್ಟಾಗಿ ಯಾರೂ ಹೇಳಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ನಮಗೆ ಅದು ಯಾಕೆ ಬೇಕು ಅಂತ ಕೊನೆಯಲ್ಲಿ ಹೇಳ್ತೀವಿ.

ಸ್ನೋ ಹುಟ್ಟಿದ್ದು 1813ರ ಮಾರ್ಚ್ 15ರಂದು, ಇಂಗ್ಲೆಂಡಿನ ಯಾರ್ಕ್ ಊರಲ್ಲಿ. ತಂದೆ ಕೂಲಿ ಕೆಲಸದವರು. ಒಂಬತ್ತು ಮಕ್ಕಳಲ್ಲಿ ಇವರೇ ಹಿರಿಯರು. 14ನೇ ವಯಸ್ಸಿಗೆ ನ್ಯೂಕ್ಯಾಸಲ್‌ನಲ್ಲಿ ಒಬ್ಬ ಸರ್ಜನ್ ಹತ್ರ ಕೆಲಸ ಕಲಿಯೋಕೆ ಸೇರಿದರು. 1831ರಲ್ಲಿ ಇಂಗ್ಲೆಂಡಿಗೆ ಕಾಲರಾ ಕಾಲಿಟ್ಟಿತು. ಹತ್ತಿರದ ಕಿಲಿಂಗ್‌ವರ್ತ್ ಕಲ್ಲಿದ್ದಲು ಗಣಿಯ ಕಾರ್ಮಿಕರನ್ನ ನೋಡಿಕೊಳ್ಳೋಕೆ ಇವರನ್ನ ಕಳಿಸಿದರು. ಆಗ ಸ್ನೋಗೆ ಬರೀ 18 ವರ್ಷ, ಹೆಚ್ಚುಕಮ್ಮಿ ನಮ್ಮದೇ ವಯಸ್ಸು. ಗಣಿಯ ಆಳದಲ್ಲಿ ಶೌಚಾಲಯ ಇರಲಿಲ್ಲ, ಕೈ ತೊಳೆಯೋಕೆ ನೀರೂ ಇರಲಿಲ್ಲ. ಅದೇ ಕೈಯಲ್ಲೇ ಊಟ. ಈ ವಿಷಯ ಅವರ ತಲೆಯಲ್ಲಿ ಉಳಿಯಿತು.

ಆಮೇಲೆ ಲಂಡನ್ನಿಗೆ ಹೋಗಿ ಓದಿ 1844ರಲ್ಲಿ ಎಂ.ಡಿ. ಮುಗಿಸಿದರು. ಅರಿವಳಿಕೆಯಲ್ಲಿ ದೊಡ್ಡ ಹೆಸರು ಮಾಡಿದರು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟಿದ್ದು ಇವರೇ. ಆರಾಮಾಗಿ ಇರಬಹುದಿತ್ತು. ಆದ್ರೆ ಕಾಲರಾ ಅವರನ್ನ ಬಿಡಲಿಲ್ಲ. ಆ ಕಾಲದ ದೊಡ್ಡ ದೊಡ್ಡ ಡಾಕ್ಟರ್‌ಗಳೆಲ್ಲ ರೋಗ ಕೆಟ್ಟ ಗಾಳಿಯಿಂದ ಬರುತ್ತೆ ಅಂತ ನಂಬಿದ್ದರು. ಸ್ನೋ 1849ರಲ್ಲಿ ಒಂದು ಸಣ್ಣ ಪುಸ್ತಕ ಬರೆದು, ಅದು ಹೊಟ್ಟೆಗೆ ಹೋಗೋ ನೀರಿನಿಂದ ಬರುತ್ತೆ ಅಂದರು. ಹೆಚ್ಚಿನವರು ಒಪ್ಪಲಿಲ್ಲ.

ಒಪ್ಪಿಸೋಕೆ ಡೇಟಾ ಬೇಕಿತ್ತು. ಆಗ ಅವರು ಗೋಡೆಯೊಳಗಿನ ಜನರ ಕಡೆ ತಿರುಗಿದರು. ಹಾರ್ಸ್‌ಮಂಗರ್ ಲೇನ್ ಜೈಲು, ಕ್ವೀನ್ಸ್ ಜೈಲು ಇವಕ್ಕೆಲ್ಲ ಸ್ವಂತ ಆಳದ ಬಾವಿ ಇತ್ತು. 1849ರ ಕಾಲರಾ ಅಲ್ಲಿನವರನ್ನ ಹೆಚ್ಚೇನೂ ಕಾಡಲಿಲ್ಲ. ಮಿಲ್‌ಬ್ಯಾಂಕ್ ಜೈಲಿಗೆ ಮಾತ್ರ ಥೇಮ್ಸ್ ನದಿ ನೀರು. ಮರಳು, ಇದ್ದಿಲಿನಲ್ಲಿ ಫಿಲ್ಟರ್ ಮಾಡಿದ್ದ ಆ ನೀರು ನೋಡೋಕೆ ತಿಳಿಯಾಗಿತ್ತು, ಆದ್ರೂ ಅಲ್ಲಿನ ಕೈದಿಗಳಿಗೆ ಆಮಶಂಕೆ, ಕಾಲರಾ ತಪ್ಪಲಿಲ್ಲ. 1854ರ ಆಗಸ್ಟ್‌ನಲ್ಲಿ ಜೈಲಿನ ವೈದ್ಯರ ಪ್ರಯತ್ನದಿಂದ ಆ ನೀರು ನಿಲ್ಲಿಸಿ, ಟ್ರಫಾಲ್ಗರ್ ಚೌಕದ ಆಳದ ಬಾವಿಯ ನೀರು ಕೊಟ್ಟರು. ಕೆಲವೇ ದಿನದಲ್ಲಿ ಕಾಲರಾ ನಿಂತುಹೋಯಿತು. ಗಾಳಿ ಅದೇ, ಕೋಣೆ ಅದೇ, ಜನ ಅದೇ. ಬದಲಾಗಿದ್ದು ನೀರು ಒಂದೇ.

ಅದೇ ತಿಂಗಳ ಕೊನೆಗೆ ಬ್ರಾಡ್ ಸ್ಟ್ರೀಟಲ್ಲಿ ರೋಗ ಸ್ಫೋಟಿಸಿತು. ಹತ್ತು ದಿನದಲ್ಲಿ 500ಕ್ಕೂ ಹೆಚ್ಚು ಸಾವು. ಸ್ನೋ ಮನೆಮನೆಗೆ ಹೋಗಿ ಕೇಳಿದರು. ಪಕ್ಕದಲ್ಲೇ ಒಂದು ವರ್ಕ್‌ಹೌಸ್ ಇತ್ತು. ಗತಿ ಇಲ್ಲದ ಬಡವರನ್ನ ಇಟ್ಟು ಕೆಲಸ ಮಾಡಿಸೋ ಜಾಗ, ಜೈಲಿನ ತಮ್ಮ ಅಂದ್ಕೊಳ್ಳಿ. ಅಲ್ಲಿನ 535 ಜನರಲ್ಲಿ ಸತ್ತವರು ಐದೇ ಜನ. ಯಾಕಂದ್ರೆ ಒಳಗೆ ಸ್ವಂತ ಬಾವಿ ಇತ್ತು, ಬ್ರಾಡ್ ಸ್ಟ್ರೀಟ್ ಪಂಪಿಗೆ ಯಾರನ್ನೂ ಕಳಿಸ್ತಿರಲಿಲ್ಲ. ಸ್ನೋ ಮಾತು ಕೇಳಿ ಸೆಪ್ಟೆಂಬರ್ 8ರಂದು ಪಂಪಿನ ಹ್ಯಾಂಡಲ್ ಬಿಚ್ಚಿದರು. ಅಷ್ಟರಲ್ಲಿ ರೋಗ ಇಳಿಮುಖ ಆಗಿತ್ತು ಅನ್ನೋದನ್ನ ಸ್ನೋ ಅವರೇ ಮುಚ್ಚಿಡದೆ ಬರೆದರು.

ಅವರ ದೊಡ್ಡ ಕೆಲಸ ದಕ್ಷಿಣ ಲಂಡನ್ನಿನದು. ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಿಗೆ ಎರಡು ಬೇರೆ ಬೇರೆ ಕಂಪನಿಗಳ ನೀರು. ಲ್ಯಾಂಬೆತ್ ಕಂಪನಿ 1852ರಲ್ಲಿ ನದಿಯ ಮೇಲ್ಭಾಗಕ್ಕೆ ಹೋಗಿತ್ತು, ಸದಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಮಾತ್ರ ಕೊಳಚೆ ಸೇರೋ ಕಡೆಯೇ ನೀರೆತ್ತುತ್ತಿತ್ತು. ಯಾವ ಕಂಪನಿ ನೀರು ಅಂತ ಎಷ್ಟೋ ಮನೆಯವರಿಗೇ ಗೊತ್ತಿರಲಿಲ್ಲ. ಸ್ನೋ ಸಿಲ್ವರ್ ನೈಟ್ರೇಟ್ ಹಾಕಿ ಕ್ಲೋರೈಡ್ ನೋಡಿ ಗುರುತು ಹಿಡಿದರು. ನಾವು ಕೆಮಿಸ್ಟ್ರಿ ಲ್ಯಾಬಲ್ಲಿ ನೋಡಿರೋ ಅದೇ ಬಿಳಿ ಪ್ರೆಸಿಪಿಟೇಟ್! 10,000 ಮನೆಗೆ ಸಾವಿನ ಲೆಕ್ಕ ತೆಗೆದರೆ ಕೊಳಚೆ ನೀರಿನ ಕಡೆ 315, ಇನ್ನೊಂದು ಕಡೆ 37.

ಇಷ್ಟಾದರೂ 1855ರಲ್ಲಿ ಸರ್ಕಾರದ ಸಮಿತಿ ಅವರ ವಾದ ತಳ್ಳಿಹಾಕಿತು. 1858ರ ಜೂನ್ 16ರಂದು ಪಾರ್ಶ್ವವಾಯುವಿನಿಂದ ಸ್ನೋ ತೀರಿಕೊಂಡರು. ವಯಸ್ಸು 45. ಮದುವೆ ಆಗಿರಲಿಲ್ಲ. ಅವರು ಹೋಗಿ 26 ವರ್ಷಕ್ಕೆ, 1884ರಲ್ಲಿ, ನಮ್ಮ ಕೋಲ್ಕತ್ತಾದಲ್ಲೇ ಕೆಲಸ ಮಾಡಿದ ರಾಬರ್ಟ್ ಕಾಖ್ ಕಾಲರಾಕ್ಕೆ ಕಾರಣ ಬ್ಯಾಕ್ಟೀರಿಯಾ ಅಂತ ಜಗತ್ತಿಗೆ ತೋರಿಸಿದರು.

ಈಗ ನಮ್ಮ ವಿಷಯ. ನಮ್ಮ ಎರಡೂ ತಾಲ್ಲೂಕಿನ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ ಅಂತ ಚಿಕ್ಕಂದಿನಿಂದ ಕೇಳ್ತಾ ಬಂದಿದ್ದೀವಿ. ಅದೂ ಕಣ್ಣಿಗೆ ಕಾಣಲ್ಲ. ನೀರು ತಿಳಿಯಾಗಿದೆ ಅಂದ್ರೆ ಚೆನ್ನಾಗಿದೆ ಅಂತ ಅಲ್ಲ ಅನ್ನೋದು ಮಿಲ್‌ಬ್ಯಾಂಕ್ ಕೈದಿಗಳಂತೆ ನಮ್ಮ ಹಿರಿಯರಿಗೂ ಮೈಮೇಲೆ ಬಂದ ಪಾಠ. 2023ರಲ್ಲಿ ನಮ್ಮ ಜಿಲ್ಲಾ ಕೇಂದ್ರ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಬಿಟ್ಟರು. ಅವರಿಗೂ ನಲ್ಲಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಜೈಲು, ಹಾಸ್ಟೆಲ್, ಬಡವರ ಕೇರಿ, ಇವಕ್ಕೆಲ್ಲ ನೀರು ಬರೋದು ಬೇರೆ ಯಾರೋ ಎಳೆದ ಪೈಪಲ್ಲಿ. ನಾಳೆ ಆ ಪೈಪ್ ಎಳೆಯೋರು ನಾವೇ. ಕುಡಿಯೋರಿಗೆ ಆಯ್ಕೆ ಇಲ್ಲ ಅಂದ್ರೆ, ಆ ನೀರನ್ನ ಟೆಸ್ಟ್ ಮಾಡಿ ನೋಡೋ ಜವಾಬ್ದಾರಿ ಪೂರ್ತಿ ನಮ್ಮದು.