ಅಲೆಕ್ಸಾಂಡರ್ ಫ್ಲೆಮಿಂಗ್ ಮತ್ತು ನಾನು ಅರ್ಧಕ್ಕೆ ಬಿಟ್ಟ ಮಾತ್ರೆ



ಕಳೆದ ಮಳೆಗಾಲದಲ್ಲಿ ನನ್ನ ಕಾಲಿನ ಗಾಯ ಕೀವು ತುಂಬಿಕೊಂಡಿತ್ತು. ಡಾಕ್ಟರು ಏಳು ದಿನದ ಮಾತ್ರೆ ಕೊಟ್ಟರು. ಮೂರನೇ ದಿನಕ್ಕೇ ನೋವು ಕಮ್ಮಿ ಆಯ್ತು ಅಂತ ನಾನು ಮಾತ್ರೆ ಬಿಟ್ಟುಬಿಟ್ಟೆ. ಗಾಯ ಮತ್ತೆ ಕೆರಳಿತು. ಈ ಸಲ ಕೀವನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾಯಿತು. ಅಲ್ಲಿ ಏನು ಮಾಡ್ತಾರೆ ಎಂದು ತಿಳಿಯಲು ಹೋದಾಗ ನನಗೆ ಸಿಕ್ಕವರೇ ಫ್ಲೆಮಿಂಗ್.

ಅವರು 1881ರ ಆಗಸ್ಟ್ 6ರಂದು ಸ್ಕಾಟ್ಲೆಂಡಿನ ರೈತರ ಮನೆಯಲ್ಲಿ ಹುಟ್ಟಿದರು. ಏಳನೇ ವಯಸ್ಸಿಗೆ ತಂದೆ ತೀರಿಕೊಂಡರು. ಮುಂದೆ ಲಂಡನ್ನಿನಲ್ಲಿ ಹಡಗು ಕಂಪನಿಯೊಂದರ ಗುಮಾಸ್ತರಾಗಿ ದುಡಿದು, ಆಮೇಲೆ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ವೈದ್ಯವಿದ್ಯೆ ಕಲಿತರು. ಮೊದಲ ಮಹಾಯುದ್ಧದಲ್ಲಿ ಗಾಯ ಕೀವಾಗಿ ಸೈನಿಕರು ಸಾಯುವುದನ್ನು ಕಣ್ಣಾರೆ ಕಂಡರು.

ಬ್ಯಾಕ್ಟೀರಿಯಾ ಬೆಳೆಸಲು ಅಗರ್ ಎಂಬ ಪದಾರ್ಥ ಬೇಕು. ಇದನ್ನು ಸಮುದ್ರದ ಪಾಚಿಯಿಂದ ಮಾಡುತ್ತಾರೆ. ಆಹಾರ ಬೆರೆಸಿ ತಟ್ಟೆಗೆ ಹೊಯ್ದರೆ ರಾಗಿಮಣ್ಣಿಯ ಹಾಗೆ ಗಟ್ಟಿಯಾಗುತ್ತದೆ. 1928ರ ಸೆಪ್ಟೆಂಬರಿನಲ್ಲಿ ಫ್ಲೆಮಿಂಗ್ ರಜೆ ಮುಗಿಸಿ ಬಂದಾಗ ಅಂಥ ಒಂದು ತಟ್ಟೆಗೆ ಬೂಷ್ಟು ಹಿಡಿದಿತ್ತು. ಅದರ ಸುತ್ತ ಬ್ಯಾಕ್ಟೀರಿಯಾ ಸತ್ತಿದ್ದವು! ಪೆನಿಸಿಲಿನ್ ಸಿಕ್ಕಿದ್ದು ಹೀಗೆ.

ಅವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅಗರಿನಲ್ಲಿ ಕಾಲುವೆಯಂತೆ ಕೊರೆದು, ಪೆನಿಸಿಲಿನ್ ಬೆರೆತ ಅಗರನ್ನು ಅದರಲ್ಲಿ ತುಂಬಿದರು. ಬೇರೆ ಬೇರೆ ಬ್ಯಾಕ್ಟೀರಿಯಾಗಳನ್ನು ಗೆರೆ ಎಳೆದಂತೆ ಹಚ್ಚಿದರು. ಕೆಲವು ಕಾಲುವೆಯಿಂದ ದೂರವೇ ನಿಂತವು, ಕೆಲವು ಅಂಚಿನ ತನಕ ಬೆಳೆದವು. ಯಾವುದು ಔಷಧಿಗೆ ಬಗ್ಗುತ್ತೆ, ಯಾವುದು ಬಗ್ಗಲ್ಲ ಎಂಬುದು ಗೊತ್ತಾಯಿತು.

ಈಗ ಕಾಲುವೆಯ ಬದಲು ಔಷಧಿ ಹಚ್ಚಿದ ಕಾಗದದ ಬಿಲ್ಲೆ ಇಡುತ್ತಾರೆ. ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಅಳೆಯುತ್ತಾರೆ. ಸಾಮಾನ್ಯವಾಗಿ ಬಳಸುವುದು ಮುಲ್ಲರ್-ಹಿಂಟನ್ ಅಗರ್. ಅದು ಸುಮಾರು 4 ಮಿಲಿಮೀಟರ್ ದಪ್ಪ ಇರಬೇಕು. ದಪ್ಪ ಹೆಚ್ಚಾದರೆ ಔಷಧಿ ಕೆಳಕ್ಕೂ ಹರಡಿ ವೃತ್ತ ಚಿಕ್ಕದಾಗುತ್ತದೆ. ಆಗ ಒಳ್ಳೇ ಔಷಧಿಯೂ ಕೆಲಸಕ್ಕೆ ಬಾರದ್ದು ಅಂತ ಕಾಣುತ್ತೆ. ತೆಳುವಾದರೆ ಇದಕ್ಕೆ ಉಲ್ಟಾ. ಅಗರಿನಲ್ಲಿ ಥೈಮಿಡಿನ್ ಎಂಬ ವಸ್ತು ಹೆಚ್ಚಿದ್ದರೆ ಸಲ್ಫಾ ಔಷಧಿಯ ಪರೀಕ್ಷೆಯೂ ತಪ್ಪುತ್ತದೆ. ತಟ್ಟೆ ತಪ್ಪಿದರೆ ರೋಗಿಗೆ ಕೊಡುವ ಔಷಧಿಯೂ ತಪ್ಪೀತು!

ಪೆನಿಸಿಲಿನ್ನನ್ನು ಔಷಧಿಯಾಗಿ ಮಾಡಿದ ಕೀರ್ತಿ ಫ್ಲೋರಿ, ಚೈನ್ ಮತ್ತು ಅವರ ಸಂಗಡಿಗರದು. 1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ನೊಬೆಲ್ ಬಂತು. ಆ ಸಂದರ್ಭದ ಭಾಷಣದಲ್ಲೇ ಫ್ಲೆಮಿಂಗ್ ಎಚ್ಚರಿಸಿದ್ದರು: ಔಷಧಿಯನ್ನು ಕಡಿಮೆ ತೆಗೆದುಕೊಂಡರೆ ಬ್ಯಾಕ್ಟೀರಿಯಾ ಸಾಯದೆ ಅದಕ್ಕೆ ಒಗ್ಗಿಕೊಳ್ಳುತ್ತವೆ ಎಂದು. ಅದನ್ನು ಓದಿದಾಗ ನನ್ನನ್ನೇ ಬೈದಂತಾಯಿತು. ಅವರು 1955ರ ಮಾರ್ಚ್ 11ರಂದು ಲಂಡನ್ನಿನಲ್ಲಿ ನಿಧನರಾದರು.

ಎರಡನೇ ಸಲ ನಾನು ಕೊನೇ ಮಾತ್ರೆಯವರೆಗೂ ನುಂಗಿದೆ. ಗಾಯ ಮಾಯಿತು. ಸ್ನೇಹಿತರೇ, ನೀವೂ ಡಾಕ್ಟರು ಹೇಳಿದಷ್ಟು ದಿನ ಮಾತ್ರೆ ತಗೊಳ್ಳಿ, ಮಧ್ಯದಲ್ಲಿ ಬಿಡಬೇಡಿ.